ಕಾರಿನ ‘ಬಾಕ್ಸು’ ಬದಲಾಯಿಸೋಕೆ ಯಾರ ಪರ್ಮಿಷನ್ ಬೇಕು? ಬಿಸಿಎಂ ಬಗ್ಗೆ ತಿಳಿಯಬೇಕಾದ್ದು

ಮಂಡ್ಯ ಪಕ್ಕದ ಯಲಿಯೂರಿನಲ್ಲಿ ನಮ್ಮ ದೊಡ್ಡಪ್ಪನ ಕಾರು ಹನ್ನೊಂದು ದಿನ ಮನೆ ಮುಂದೆ ನಿಂತಲ್ಲೇ ನಿಂತಿತ್ತು. ಎಂಜಿನ್‌ಗೆ ಏನೂ ಆಗಿರಲಿಲ್ಲ. ಮೊದಲು ಮಳೆಯೇ ಇಲ್ಲದಾಗ ವೈಪರ್ ಓಡತೊಡಗಿತು. ಆಮೇಲೆ ರಾತ್ರಿ ಹೊತ್ತು ಸೆಂಟ್ರಲ್ ಲಾಕ್ ಟಕ್ ಟಕ್ ಅಂತ ತಾನೇ ಹಾಕಿಕೊಂಡು ತಾನೇ ತೆಗೆದುಕೊಳ್ಳಲು ಶುರು ಮಾಡಿತು. ಒಂದು ಬೆಳಗ್ಗೆ ಬ್ಯಾಟರಿ ಪೂರ್ತಿ ಇಳಿದಿತ್ತು. ಹೊಸ ಬ್ಯಾಟರಿ ಹಾಕಿಸಿದರು, ಎರಡೇ ದಿನಕ್ಕೆ ಅದೂ ಇಳಿಯಿತು. ದೊಡ್ಡಮ್ಮನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಂಡ್ಯಕ್ಕೆ ಕರೆದುಕೊಂಡು ಹೋಗುವ ಕಾರು ಅದು. ಹಾಗಾಗಿ ಈ ಹನ್ನೊಂದು ದಿನದ ಲೆಕ್ಕ ಆಟೋ ಬಾಡಿಗೆಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

ಊರಿನ ಎಲೆಕ್ಟ್ರಿಷಿಯನ್ ಹುಡುಗ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ಹತ್ತು ನಿಮಿಷಕ್ಕೆ ಹೊರಗೆ ಬಂದ. “ಬಾಕ್ಸು ಸತ್ತೋಗದೆ ಕಣಣ್ಣ. ಬಿಚ್ಚಿ ಹಾಕದು ನಂಗೇನ್ ಕಷ್ಟ ಇಲ್ಲ. ಆದ್ರೆ ಹಾಕಿದ್ಮೇಲೆ ಅದು ನನ್ ಮಾತು ಕೇಳಾಕಿಲ್ಲ” ಅಂದ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾನು ಈ ವಿಷಯವನ್ನು ಇಷ್ಟು ಚಿಕ್ಕದಾಗಿ ಹೇಳಲಾರೆ.

ಅವನು ‘ಬಾಕ್ಸು’ ಅಂದದ್ದು ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನು. ಚಿಕ್ಕದಾಗಿ ಬಿಸಿಎಂ. ಹಳೇ ಅಂಬಾಸಿಡರ್‌ನಲ್ಲಿ ಹೆಡ್‌ಲೈಟ್ ಸ್ವಿಚ್ ಒತ್ತಿದರೆ ಕರೆಂಟು ವೈರಿನಲ್ಲಿ ಹರಿದು ಬಲ್ಬಿಗೆ ಹೋಗುತ್ತಿತ್ತು, ಅಷ್ಟೇ. ಈಗಿನ ಕಾರಿನಲ್ಲಿ ಸ್ವಿಚ್ ಒತ್ತುವುದು ಒಂದು ಅರ್ಜಿ ಕೊಟ್ಟ ಹಾಗೆ. ಬಿಸಿಎಂ ಅದನ್ನು ಓದಿ ದೀಪ ಹಚ್ಚುತ್ತದೆ. ಡೋರ್ ಲಾಕ್, ಪವರ್ ವಿಂಡೋ, ವೈಪರ್, ಇಂಡಿಕೇಟರ್, ಹಾರ್ನ್, ಒಳಗಿನ ಲೈಟು, ಕಳ್ಳತನದ ಅಲಾರಂ, ಹೀಗೆ ಎಂಜಿನ್‌ಗೆ ನೇರ ಸಂಬಂಧ ಇಲ್ಲದ ಬಹುತೇಕ ಕೆಲಸ ಇದರದ್ದೇ. ಎಂಜಿನ್ ಕಂಪ್ಯೂಟರ್, ಮೀಟರ್ ಮುಂತಾದವುಗಳ ಜೊತೆ ಇದು ಮಾತಾಡುವುದು ‘ಕ್ಯಾನ್’ ಅನ್ನುವ ಜೋಡಿ ತಂತಿಯ ಮೇಲೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಜಗತ್ತಿನ ಮುಂದಿಟ್ಟ ವ್ಯವಸ್ಥೆ ಅದು. ಒಂದೊಂದು ಕೆಲಸಕ್ಕೂ ಒಂದೊಂದು ವೈರು ಎಳೆಯುವುದು ತಪ್ಪಿತು, ಕಾರಿನ ತೂಕವೂ ಇಳಿಯಿತು. ಒಳ್ಳೆಯದೇ. ಆದರೆ ಬಾಕ್ಸಿನ ಒಳಗೆ ಏನು ನಡೆಯುತ್ತಿದೆ ಅಂತ ಟೆಸ್ಟ್ ಲ್ಯಾಂಪ್ ಹಿಡಿದು ನೋಡುವ ಕಾಲವೂ ಅಲ್ಲಿಗೆ ಮುಗಿಯಿತು.

ಸತ್ತಿರುವುದು ಬಾಕ್ಸೇನಾ?

ಬಿಸಿಎಂ ಹೋಗಿದೆ ಅಂತ ಯಾರಾದರೂ ಹೇಳಿದ ತಕ್ಷಣ ಒಪ್ಪಿಕೊಳ್ಳಬೇಡಿ. ಅದರ ತಲೆಗೆ ಕಟ್ಟುವ ತಪ್ಪುಗಳಲ್ಲಿ ಎಷ್ಟೋ ಬೇರೆಯವರದ್ದು. ಬ್ಯಾಟರಿ ವೋಲ್ಟೇಜ್ ಕಡಿಮೆಯಾದರೂ ಇದೇ ಥರದ ಭೂತಚೇಷ್ಟೆ ಕಾಣುತ್ತದೆ. ನಿಂತ ಕಾರಿನ ಆರೋಗ್ಯವಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಆಮೇಲೆ ಫ್ಯೂಸು. ಆಮೇಲೆ ಅರ್ಥಿಂಗ್: ಬಾಡಿಗೆ ಬೋಲ್ಟ್ ಹಾಕಿದ ಕಡೆ ತುಕ್ಕು ಹಿಡಿದರೆ ಸಾಕು, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿನುಗುತ್ತದೆ.

ಕಬ್ಬಿನ ಗದ್ದೆ ಪಕ್ಕದ ಊರುಗಳಲ್ಲಿ ಇನ್ನೊಬ್ಬ ಶಂಕಿತ ಇಲಿ. ಬಾನೆಟ್ ಒಳಗೆ ಬೆಚ್ಚಗೆ ಮಲಗಿ ವೈರ್ ಕಡಿದು ಹೋಗಿರುತ್ತದೆ. ಇಲಿಯಷ್ಟೇ ಅಪಾಯಕಾರಿ ಅಂದರೆ ಹೊರಗಿನ ಅಂಗಡಿಯಲ್ಲಿ ಇದ್ದ ವೈರನ್ನು ಸೀಳಿ, ಟೇಪು ಸುತ್ತಿ ಹಾಕಿಸಿದ ಫಾಗ್ ಲ್ಯಾಂಪು, ಮ್ಯೂಸಿಕ್ ಸಿಸ್ಟಂ. ಹಾಗೆ ಹಾಕಿಸಿದವರಲ್ಲಿ ನಾನೂ ಒಬ್ಬ, ಆದ್ದರಿಂದ ಹೆಚ್ಚು ಬೈಯುವ ಹಾಗಿಲ್ಲ.

ಸ್ಕ್ಯಾನರ್ ಹಾಕಿದಾಗ ‘ಬಿ’ ಇಂದ ಶುರುವಾಗುವ ಕೋಡ್ ಬಂದರೆ ಬಾಡಿ ಕಡೆಯ ತೊಂದರೆ, ‘ಯು’ ಇಂದ ಬಂದರೆ ಮಾಡ್ಯೂಲ್‌ಗಳ ನಡುವಿನ ಮಾತುಕತೆ ಕಡಿದಿದೆ ಅಂತ. ಕೋಡ್ ದಿಕ್ಕು ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. ಬ್ಯಾಟರಿ ರಾತ್ರೋರಾತ್ರಿ ಇಳಿಯುತ್ತಿದ್ದರೆ ಕಾರು ಲಾಕ್ ಮಾಡಿ, ಎಲ್ಲ ಮಾಡ್ಯೂಲ್‌ಗಳು ನಿದ್ದೆಗೆ ಹೋದ ಮೇಲೆ ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಅಳೆಯಬೇಕು. 50 ಮಿಲಿಆಂಪಿಯರ್ ಒಳಗಿದ್ದರೆ ಸಾಮಾನ್ಯ. ಬಾಕ್ಸಿಗೆ ಬರುವ ಪವರ್ ಮತ್ತು ಅರ್ಥ್ ಎರಡೂ ಸರಿಯಿದ್ದು, ವೈರಿಂಗ್ ಸರಿಯಿದ್ದು, ಅದು ಮಲಗುತ್ತಲೇ ಇಲ್ಲ ಅಥವಾ ಉತ್ತರವೇ ಕೊಡುತ್ತಿಲ್ಲ ಅಂದಾಗ ಮಾತ್ರ ಅದರ ಮೇಲೆ ಕೈ ಹಾಕಬೇಕು.

ನಮ್ಮ ಕೇಸಿನಲ್ಲಿ ನಿಜವಾಗಿಯೂ ಬಾಕ್ಸೇ ಹೋಗಿತ್ತು. ಕಾರು ನಿಲ್ಲಿಸುತ್ತಿದ್ದದ್ದು ಹೊಂಗೆ ಮರದ ಕೆಳಗೆ. ಮುಂದಿನ ಗಾಜಿನ ಬುಡದಲ್ಲಿ ಮಳೆನೀರು ಹೋಗುವ ತೂತಿಗೆ ಎಲೆ ಕಟ್ಟಿಕೊಂಡು, ನೀರು ಒಳಗೆ ಇಳಿದು, ಕನೆಕ್ಟರಿನ ಪಿನ್ನುಗಳು ಹಸಿರು ಬಣ್ಣಕ್ಕೆ ತಿರುಗಿದ್ದವು. ಬೋರ್ಡಿನ ಮೇಲೂ ಅದೇ ಕಿಲುಬು.

ಬಿಚ್ಚುವುದು ಅರ್ಧ ಗಂಟೆ, ಒಪ್ಪಿಸುವುದು ಬೇರೆ ಕಥೆ

ಕೈಕೆಲಸದ ಭಾಗ ಸುಲಭ. ಮೊದಲು, ಸ್ಕ್ಯಾನರ್ ಇನ್ನೂ ಮಾತಾಡುತ್ತಿದ್ದರೆ, ಹಳೇ ಬಾಕ್ಸಿನ ಕಾನ್ಫಿಗರೇಶನ್ ಓದಿ ಉಳಿಸಿಕೊಳ್ಳಬೇಕು. ಇದನ್ನು ಮರೆತು ಆಮೇಲೆ ಪರದಾಡುವವರು ಬಹಳ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಕೆಲವು ನಿಮಿಷ ಕಾಯಬೇಕು. ಅಕ್ಕಪಕ್ಕ ಏರ್‌ಬ್ಯಾಗಿನ ವೈರುಗಳಿರುತ್ತವೆ, ಅವಸರ ಬೇಡ. ಬಾಕ್ಸು ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ ಅಥವಾ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಕೆಲವು ಕಾರಿನಲ್ಲಿ ಫ್ಯೂಸ್ ಬಾಕ್ಸಿಗೇ ಅಂಟಿಕೊಂಡಿರುತ್ತದೆ. ಹೊಸದರ ಪಾರ್ಟ್ ನಂಬರ್ ಹಳೆಯದರ ಜೊತೆ ಹೊಂದಬೇಕು. ಒಂದೇ ಮಾಡೆಲ್‌ನ ಬೇಸ್ ವೇರಿಯಂಟಿಗೂ ಟಾಪ್ ವೇರಿಯಂಟಿಗೂ ಬೇರೆ ಬೇರೆ ಇರಬಹುದು.

ಹುಡುಗ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಅದೇ ನಂಬರಿನ ಸೆಕೆಂಡ್ ಹ್ಯಾಂಡ್ ಬಾಕ್ಸ್ ತರಿಸಿ ಹಾಕಿದ. ವೈಪರ್ ಸುಮ್ಮನಾಯಿತು. ಲಾಕ್ ಸರಿಹೋಯಿತು. ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗಿತು, ಎಂಜಿನ್ ಮಾತ್ರ ಹಿಡಿಯಲಿಲ್ಲ.

ಕಾರಣ ಇಮೊಬಿಲೈಸರ್. ಕೀ ಒಳಗೆ ಬ್ಯಾಟರಿಯೇ ಬೇಡದ ಒಂದು ಪುಟ್ಟ ಚಿಪ್ ಇರುತ್ತದೆ. ಇಗ್ನಿಷನ್ ಸುತ್ತಲಿನ ಕಾಯಿಲ್ ಅದನ್ನು ಎಬ್ಬಿಸಿ ಒಂದು ಪ್ರಶ್ನೆ ಕೇಳುತ್ತದೆ, ಸರಿಯಾದ ಉತ್ತರ ಬಂದರೆ ಮಾತ್ರ ಎಂಜಿನ್ ಕಂಪ್ಯೂಟರ್‌ಗೆ ‘ಸರಿ, ಬಿಡು’ ಅಂತ ಸಂದೇಶ. ಅನೇಕ ಕಾರುಗಳಲ್ಲಿ ಈ ಕಾವಲು ಕೆಲಸವೂ ಬಿಸಿಎಂನದ್ದೇ. ಅದಕ್ಕೂ ಎಂಜಿನ್ ಕಂಪ್ಯೂಟರಿಗೂ ನಡುವೆ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಹೊಸಬ ಬಂದು ಕೂತರೆ ಎಂಜಿನ್ ಅವನನ್ನು ನಂಬುವುದಿಲ್ಲ. ಹಾಗಾಗಿ ಬಾಕ್ಸಿಗೆ ಕಾರಿನ ಚಾಸಿ ನಂಬರ್ ಬರೆಯಬೇಕು, ಯಾವ ಯಾವ ಫೀಚರ್ ಇದೆ ಅಂತ ಹೇಳಿಕೊಡಬೇಕು, ಎಲ್ಲ ಕೀಗಳನ್ನೂ ಪರಿಚಯಿಸಬೇಕು. ಇದಕ್ಕೆ ಕಂಪನಿಯ ಸಾಫ್ಟ್‌ವೇರ್ ಬೇಕು, ಬಹಳಷ್ಟು ಸಲ ಕಂಪನಿಯ ಸರ್ವರ್‌ಗೆ ಲಾಗಿನ್ ಕೂಡ.

ಎರಡು ಅಡ್ಡದಾರಿಗಳಿವೆ, ಎರಡೂ ಕಾನೂನುಬದ್ಧ. ಹಳೇ ಬೋರ್ಡನ್ನೇ ಚೊಕ್ಕ ಮಾಡಿ, ಕೆಟ್ಟ ರಿಲೇ ಬದಲಿಸಿ, ಬಿರುಕು ಬಿಟ್ಟ ಬೆಸುಗೆ ಸರಿ ಮಾಡುವುದು ಒಂದು. ಇಲ್ಲವೇ ಹಳೇ ಬೋರ್ಡಿನ ಎಂಟು ಕಾಲಿನ ಮೆಮೊರಿ ಚಿಪ್ಪಿನ ಮಾಹಿತಿಯನ್ನು ಓದಿ ಬದಲಿ ಬಾಕ್ಸಿಗೆ ಇಳಿಸುವುದು. ಗುಟ್ಟಿನ ಸಂಖ್ಯೆಯೂ ಜೊತೆಗೇ ಬರುವುದರಿಂದ ಕಾರಿಗೆ ವ್ಯತ್ಯಾಸವೇ ತಿಳಿಯದು. ನಮ್ಮ ಹಳೇ ಬೋರ್ಡಿನಲ್ಲಿ ಆ ಚಿಪ್ಪಿನ ಕಾಲುಗಳೇ ಕಿಲುಬು ತಿಂದು ಹೋಗಿದ್ದವು.

ಕೊನೆಗೆ ಕಾರನ್ನು ಟೋ ಮಾಡಿಸಿ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದಿದ್ದಾಯಿತು. ಹೊರಗಿನಿಂದ ತಂದ ಪಾರ್ಟಿಗೆ ಕೋಡಿಂಗ್ ಮಾಡಲ್ಲ ಅಂದರು. ಹೊಸದನ್ನು ಅವರಲ್ಲೇ ಕೊಂಡಿದ್ದಾಯಿತು. ಲ್ಯಾಪ್‌ಟಾಪ್ ಸಿಕ್ಕಿಸಿ ಕೋಡಿಂಗ್ ಮುಗಿಸಲು ಬೇಕಾದದ್ದು ಇಪ್ಪತ್ತು ನಿಮಿಷ.

2014ರ ಆದೇಶ ಏನಾಯ್ತು?

ಈ ಜಗಳ ಹೊಸದಲ್ಲ. ಬಿಡಿಭಾಗ ಮತ್ತು ಡಯಾಗ್ನಾಸ್ಟಿಕ್ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡುತ್ತಿಲ್ಲ ಅಂತ ಶಂಶೇರ್ ಕಟಾರಿಯಾ ಎಂಬ ಗ್ರಾಹಕ 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.64 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗವನ್ನೂ ಉಪಕರಣವನ್ನೂ ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಸಿಗುವಂತೆ ಮಾಡಿ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬೇಡಿ ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ, ರಿಟ್ ಅಂತ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ವಿಷಯದಲ್ಲಿ ತಪ್ಪು ನಡೆದಿದೆ ಎಂಬುದನ್ನು ಒಪ್ಪಿ ದಂಡ ಇಳಿಸಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಸಮಿತಿ ಮಾಡಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿದ್ದವು. ಅದೇ ಡಿಸೆಂಬರ್ 24ಕ್ಕೆ ಪೋರ್ಟಲ್ ಬಂತು. ಪೋರ್ಟಲ್‌ನಲ್ಲಿ ಮಾಹಿತಿ ಇರುತ್ತದೆ, ಆದರೆ ಯಲಿಯೂರಿನ ಹುಡುಗನಿಗೆ ಬೇಕಾದದ್ದು ಲಾಗಿನ್.

ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲ ಅನ್ನಲಾರೆ. ಇಮೊಬಿಲೈಸರ್ ಕೋಡಿಂಗ್ ಎಲ್ಲರ ಕೈಗೆ ಸಿಕ್ಕರೆ ಕಳ್ಳನ ಕೈಗೂ ಸಿಗುತ್ತದೆ. ಆದರೆ ಇದಕ್ಕೆ ಪರಿಹಾರ ಬೇರೆ ಕಡೆ ಇದೆ. ಅಮೆರಿಕದಲ್ಲಿ ಹಿನ್ನೆಲೆ ಪರಿಶೀಲಿಸಿ ನೋಂದಾಯಿಸಿದ ಸ್ವತಂತ್ರ ಕೆಲಸಗಾರರಿಗೆ ಕೀ ಮತ್ತು ಇಮೊಬಿಲೈಸರ್ ಮಾಹಿತಿ ಕೊಡುವ ರಿಜಿಸ್ಟ್ರಿ ಇದೆ, ಯೂರೋಪಿನಲ್ಲೂ ಅಂಥದೇ ವ್ಯವಸ್ಥೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಮತ ಹಾಕಿ ಕಾರು ರಿಪೇರಿ ಹಕ್ಕನ್ನು ಕಾನೂನು ಮಾಡಿಸಿಕೊಂಡರು. ಐಟಿಐ ಓದಿದ ಮಂಡ್ಯದ ಹುಡುಗನಿಗೆ ಪೊಲೀಸ್ ವೆರಿಫಿಕೇಶನ್ ಮಾಡಿ ಲೈಸೆನ್ಸ್ ಕೊಡುವುದು ಪಾಸ್‌ಪೋರ್ಟ್ ಕೊಡುವುದಕ್ಕಿಂತ ಕಷ್ಟದ ಕೆಲಸವೇನಲ್ಲ.

ಅಲ್ಲಿಯವರೆಗೆ, ನಿಮ್ಮ ಕಾರಿಗೂ ಹೀಗಾದರೆ: ಎಸ್ಟಿಮೇಟ್‌ನಲ್ಲಿ ಪಾರ್ಟು, ಕೂಲಿ, ಕೋಡಿಂಗ್ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಯಾವ ಪರೀಕ್ಷೆಯಿಂದ ಬಾಕ್ಸ್ ಸತ್ತಿದೆ ಅಂತ ಗೊತ್ತಾಯಿತು ಅಂತ ಕೇಳಿ. ಮನೆಯಲ್ಲಿರುವ ಸ್ಪೇರ್ ಕೀ ಸೇರಿ ಎಲ್ಲ ಕೀ ತೆಗೆದುಕೊಂಡು ಹೋಗಿ, ಹಲವು ಕಾರುಗಳಲ್ಲಿ ಆ ಹೊತ್ತಿಗೆ ಇಲ್ಲದ ಕೀ ಆಮೇಲೆ ಕೆಲಸ ಮಾಡುವುದಿಲ್ಲ. ಹಳೇ ಬಾಕ್ಸನ್ನು ವಾಪಸ್ ಕೇಳಿ. ಹೊರಗೆ ರಿಪೇರಿ ಮಾಡಿಸಿದ್ದೀರಿ ಅಂತ ಇಡೀ ವಾರಂಟಿ ಹೋಯ್ತು ಅಂದರೆ ಅದನ್ನು ಲಿಖಿತವಾಗಿ ಕೊಡಿ ಅನ್ನಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಮತ್ತೆ, ಮಳೆಗಾಲಕ್ಕೆ ಮುಂಚೆ ಗಾಜಿನ ಬುಡದ ಎಲೆ ತೆಗೆಯಿರಿ. ದೊಡ್ಡಪ್ಪ ಈಗ ಕಾರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸುವುದಿಲ್ಲ.