ಸಂಖ್ಯಾ ಬಾನುಲಿ
ಗೂಢಚಾರರಿಗಾಗಿ ಅಂಕಿಗಳನ್ನಷ್ಟೇ, ಹೆಚ್ಚಾಗಿ ಐದೈದರ ಗುಂಪಿನಲ್ಲಿ, ಓದುವ ಶಾರ್ಟ್‌ವೇವ್ ಪ್ರಸಾರ. ಒಮ್ಮೆ ಬಳಸಿ ನಾಶಮಾಡುವ ಕೀಲಿಪಟ್ಟಿ ಇದ್ದವನಿಗೆ ಮಾತ್ರ ಅರ್ಥ ದಕ್ಕುತ್ತದೆ. ಪಟ್ಟಿಯಲ್ಲಿ ಯಾವ ಕ್ರಮವೂ ಇಲ್ಲದೆ, ಅದು ಮರುಬಳಕೆಯೂ ಆಗದಿದ್ದರೆ ಕಂಪ್ಯೂಟರಿಗೂ ಬಿಡಿಸಲಾಗದು. ಅಯಾನುಗೋಳಕ್ಕೆ ತಾಗಿ ಮರಳುವ ಅಲೆ ಸಾವಿರಾರು ಕಿ.ಮೀ. ಸಾಗುತ್ತದೆ. ಸಾಧಾರಣ ರೇಡಿಯೊ ಸಾಕು. ಕೇಳುಗ ತಾನೇನನ್ನೂ ಕಳಿಸುವುದಿಲ್ಲ, ಹಾಗಾಗಿ ಅವನು ಸೊಲ್ಲಾಪುರದಲ್ಲಿರಲಿ, ಅಕ್ಕಲಕೋಟೆಯಲ್ಲಿರಲಿ, ಪ್ರಸಾರದಿಂದ ಸುಳಿವು ಸಿಗದು. ಜಾಣತನವೆಲ್ಲ ಇಲ್ಲೇ ಇದೆ. 1942ರಲ್ಲಿ ಉಷಾ ಮೆಹ್ತಾ ಮುಂಬಯಿಯಲ್ಲಿ ನಡೆಸಿದ ಕಾಂಗ್ರೆಸ್ ರೇಡಿಯೊ ಈ ಜಾತಿಯದಲ್ಲ: ಅಲ್ಲಿ ಗುಟ್ಟು ಠಿಕಾಣಿಯದು, ಮಾತು ಬಹಿರಂಗ. ಬ್ರಿಟಿಷರದ್ದೆಂದು ನಂಬಲಾದ, ಸೈಪ್ರಸ್‌ನಿಂದ ಕೇಳಿಬರುತ್ತಿದ್ದ ‘ಲಿಂಕನ್‌ಶೈರ್ ಪೋಚರ್’ ಎಂಬ ಸಂಖ್ಯಾ ಬಾನುಲಿ 2008ರಲ್ಲಿ ನಿಂತಿತು. 2001ರಲ್ಲಿ ಬಂಧಿತಳಾದ ಅಮೆರಿಕದ ರಕ್ಷಣಾ ಗುಪ್ತಚರ ವಿಶ್ಲೇಷಕಿ ಆನಾ ಮೊಂಟೆಸ್ ಕ್ಯೂಬಾದ ಆದೇಶಗಳನ್ನು ಹೀಗೆಯೇ ಪಡೆಯುತ್ತಿದ್ದಳು.