ಗಾದೆ, ವಾದ ಮತ್ತು ಯಂತ್ರ: ಕೃತಕ ಬುದ್ಧಿಮತ್ತೆಯಲ್ಲಿ ವಾದದ ಮಾದರಿಗಳು

ವಾದವೆಂದೊಡನೆ ನಮ್ಮ ವಿದ್ವತ್ ಲೋಕಕ್ಕೆ ನೆನಪಾಗುವುದು ತರ್ಕಶಾಸ್ತ್ರ. ಜಾನಪದ ಅಧ್ಯಯನಕ್ಕೆ ನೆನಪಾಗಬೇಕಾದದ್ದು ಗಾದೆ. ಕಟ್ಟೆಯ ಪಂಚಾಯಿತಿಯಲ್ಲಿ, ಆಸ್ತಿಪಾಲಿನ ಜಗಳದಲ್ಲಿ ಆಡಿದ ಮಾತಿಗೆ ಬಲ ತುಂಬುವುದೂ ಎದುರಿನವರ ಬಾಯಿ ಕಟ್ಟುವುದೂ ಗಾದೆಯೇ. ಮನುಷ್ಯರ ವಾದವನ್ನು ಗಣಕಯಂತ್ರಕ್ಕೆ ಕಲಿಸಲು ಸುಮಾರು ಏಳು ದಶಕಗಳಿಂದ ನಡೆದಿರುವ ಪ್ರಯತ್ನದ ಚರಿತ್ರೆಯನ್ನು ಗಾದೆಯ ಕಡೆಯಿಂದ ನೋಡಿದರೆ, ಯಂತ್ರದ ಮಾದರಿಗಳಲ್ಲಿ ಉಳಿದದ್ದೇನು, ಸೋರಿಹೋದದ್ದೇನು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.

ಆರಂಭದಲ್ಲಿ ವಾದವೆಂದರೆ ಗಣಿತದ ಸಾಧನೆಯೆಂದೇ ಭಾವಿಸಲಾಗಿತ್ತು. 1956ರ ವೇಳೆಗೆ ಅಲೆನ್ ನ್ಯೂವೆಲ್, ಹರ್ಬರ್ಟ್ ಸೈಮನ್ ಮತ್ತು ಕ್ಲಿಫ್ ಶಾ ರೂಪಿಸಿದ 'ಲಾಜಿಕ್ ಥಿಯರಿಸ್ಟ್' ಎಂಬ ಕ್ರಮವಿಧಿಯು 'ಪ್ರಿನ್ಸಿಪಿಯಾ ಮ್ಯಾಥಮೆಟಿಕಾ'ದ ಎರಡನೆಯ ಅಧ್ಯಾಯದ ಮೊದಲ 52 ಪ್ರಮೇಯಗಳ ಪೈಕಿ 38ನ್ನು ಸಾಧಿಸಿ ತೋರಿಸಿತು. ಹೀಗೆ ಒಮ್ಮೆ ಸಾಧಿತವಾದದ್ದು ಮತ್ತೆ ಬೀಳುವಂತಿಲ್ಲ. ಬದುಕಿನ ವಾದ ಹಾಗಲ್ಲ. ಹಕ್ಕಿಯೆಂದರೆ ಹಾರುತ್ತದೆ ಎನ್ನುತ್ತೇವೆ. ಅದು ಪೆಂಗ್ವಿನ್ ಎಂದು ತಿಳಿದೊಡನೆ ಮಾತನ್ನು ಹಿಂದಕ್ಕೆ ಪಡೆಯುತ್ತೇವೆ. ಹೀಗೆ ತೀರ್ಮಾನವನ್ನು ಹಿಂದೆಗೆಯಬಲ್ಲ ತರ್ಕಕ್ಕೆ 1980ರಲ್ಲಿ ಜಾನ್ ಮೆಕಾರ್ಥಿ, ರೇಮಂಡ್ ರೈಟರ್ ಮೊದಲಾದವರು ಖಚಿತ ರೂಪ ಕೊಟ್ಟರು. ವಾದಕ್ಕೆ ಗಣಿತಕ್ಕಿಂತ ನ್ಯಾಯಾಲಯವೇ ತಕ್ಕ ಮಾದರಿಯೆಂದು ದಾರ್ಶನಿಕ ಸ್ಟೀಫನ್ ಟೂಲ್ಮಿನ್ 1958ರಲ್ಲಿಯೇ ಹೇಳಿದ್ದರು. ಆದರೆ ಗಣಕ ವಿಜ್ಞಾನ ಅವರತ್ತ ತಿರುಗಿದ್ದು ಬಹುಕಾಲದ ನಂತರ.

ಈ ಚರಿತ್ರೆಯಲ್ಲಿ ಜಾನಪದ ವಿದ್ವಾಂಸರು ಗಮನಿಸಲೇಬೇಕಾದ ಬರಹವೊಂದಿದೆ. ಬ್ಯಾಂಕಾಕ್‌ನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಫಾನ್ ಮಿನ್ ಡುಂಗ್ ಅವರು 1995ರಲ್ಲಿ ಪ್ರಕಟಿಸಿದ ಪ್ರಬಂಧವದು; ಯಂತ್ರವಾದದ ಮುಂದಿನ ಸಂಶೋಧನೆಗೆಲ್ಲ ತಳಹದಿಯಾದದ್ದು. ಅಲ್ಲಿ ಸಿದ್ಧಾಂತಕ್ಕೆ ಬೀಜವಾಗಿರುವುದು ಒಂದು ಹಳೆಯ ಲೋಕೋಕ್ತಿ: ಕೊನೆಯ ಮಾತು ಯಾರದೋ ಗೆಲುವಿನ ನಗೆಯೂ ಅವರದೇ ಎಂಬ ಭಾವದ್ದು. ಡುಂಗ್ ಈ ಲೋಕೋಕ್ತಿಯನ್ನು ಗಣಿತಕ್ಕೆ ಇಳಿಸಿದರು. ಪ್ರತಿಯೊಂದು ವಾದವೂ ಒಂದು ಬಿಂದು. ಒಂದು ಇನ್ನೊಂದನ್ನು ಖಂಡಿಸಿದರೆ ನಡುವೆ ಒಂದು ಬಾಣ. ಖಂಡಿಸಿದ ವಾದವನ್ನೇ ಮೂರನೆಯದೊಂದು ಕೆಡವಿದರೆ ಮೊದಲನೆಯದು ಮತ್ತೆ ತಲೆಯೆತ್ತುತ್ತದೆ. ಬಿಂದುವಿನೊಳಗೆ ಏನಿದೆ, ಅದನ್ನು ಆಡಿದವರು ಯಾರು ಎಂಬುದು ಲೆಕ್ಕಕ್ಕೆ ಬೇಕಿಲ್ಲ. ಈ ಸರಳತೆಯೇ ಸಿದ್ಧಾಂತದ ಶಕ್ತಿ.

ಅದರ ಮಿತಿಯನ್ನು ನಮ್ಮದೇ ಗಾದೆಗಳಿಂದ ಪರೀಕ್ಷಿಸಬಹುದು. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಒಬ್ಬರು, 'ಹಣೆಬರಹಕ್ಕೆ ಹೊಣೆ ಯಾರು' ಎಂದು ಇನ್ನೊಬ್ಬರು. ಎರಡೂ ಪರಸ್ಪರ ಖಂಡಿಸುತ್ತವೆ. ಡುಂಗ್ ಅವರ ಕ್ರಮದಲ್ಲಿ ಎಚ್ಚರಿಕೆಯ ಯಂತ್ರವು ಇವೆರಡರಲ್ಲಿ ಯಾವುದನ್ನೂ ಒಪ್ಪದೆ ಸುಮ್ಮನಿರುತ್ತದೆ. ಉದಾರವಾದ ಯಂತ್ರವು ಇದನ್ನಾದರೂ ಒಪ್ಪೀತು, ಅದನ್ನಾದರೂ ಒಪ್ಪೀತು, ಆದರೆ ಎರಡನ್ನೂ ಒಟ್ಟಿಗೆ ಒಪ್ಪಲಾರದು. ಜನ ಮಾತ್ರ ಎರಡನ್ನೂ ನಂಬಿಕೊಂಡು ಬಂದಿದ್ದಾರೆ. ಬೆಳೆ ಹೋದ ರೈತನ ಮುಂದೆ ಮೊದಲನೆಯ ಗಾದೆಯನ್ನು ಯಾರೂ ಆಡುವುದಿಲ್ಲ. ಸೋಮಾರಿ ಮಗನ ಮುಂದೆ ಎರಡನೆಯದನ್ನು ಆಡುವುದಿಲ್ಲ. ಗಾದೆಯ ಸತ್ಯ ವಾಕ್ಯದಲ್ಲಿಲ್ಲ, ಸಂದರ್ಭದಲ್ಲಿದೆ.

ನೈಜೀರಿಯದ ಅನಾಂಗ್ ಜನರ ನ್ಯಾಯಾಲಯಗಳಲ್ಲಿ ಗಾದೆಗಳ ಬಳಕೆಯನ್ನು ಕುರಿತು ಜಾನ್ ಮೆಸೆಂಜರ್ 1959ರಲ್ಲಿ ಬರೆದ ಪ್ರಬಂಧ ಇದಕ್ಕೆ ಸಾಕ್ಷಿ. ಕಳ್ಳನೆಂದು ಊರಿಗೆಲ್ಲ ಗೊತ್ತಿದ್ದ ಒಬ್ಬನ ಮೇಲೆ ಮೊಕದ್ದಮೆ ನಡೆಯುತ್ತದೆ. ವಾದಿಯು ಒಂದು ಗಾದೆ ಹೇಳಿ ನೆರೆದವರನ್ನೆಲ್ಲ ಆತನ ವಿರುದ್ಧ ತಿರುಗಿಸುತ್ತಾನೆ. ಕೊನೆಯಲ್ಲಿ ಆರೋಪಿಯೂ ಒಂದು ಗಾದೆ ಹೇಳುತ್ತಾನೆ: ಪೊದೆಗಳ ನಡುವೆ ಒಂಟಿಯಾಗಿ ಹಾರುವ ಕವುಜುಗ ಹಕ್ಕಿ ದಾರಿ ಉಳಿಸಿ ಹೋಗುವುದಿಲ್ಲ ಎಂಬ ಅರ್ಥದ್ದು. ತನ್ನ ಪರ ಯಾರೂ ಇಲ್ಲ, ಜನರ ಸಿಟ್ಟನ್ನು ಬದಿಗಿಟ್ಟು ನೋಡಿ ಎಂಬುದು ಅದರ ಇಂಗಿತ. ಆತ ನಿರ್ದೋಷಿಯೆಂದು ತೀರ್ಪಾಗುತ್ತದೆ. ಆ ಗಾದೆ ವಾದಿಯ ಯಾವ ಹೇಳಿಕೆಯನ್ನೂ ಖಂಡಿಸಲಿಲ್ಲ. ಅದು ಕೇಳುವವರ ಮನಸ್ಸನ್ನು ತಿರುಗಿಸಿತು. ಡುಂಗ್ ಅವರ ಬಾಣಗಳಲ್ಲಿ ಇದಕ್ಕೆ ಎಡೆಯೆಲ್ಲಿ?

ಕೇಳುಗರನ್ನು ಮಾದರಿಯೊಳಕ್ಕೆ ತರುವ ಯತ್ನ 2003ರಲ್ಲಿ ನಡೆಯಿತು. ಟ್ರೆವರ್ ಬೆಂಚ್-ಕ್ಯಾಪನ್ ಅವರು ಪ್ರತಿ ವಾದಕ್ಕೂ ಅದು ಎತ್ತಿಹಿಡಿಯುವ ಮೌಲ್ಯವೊಂದನ್ನು ಜೋಡಿಸಿದರು. ಆ ಮೌಲ್ಯಗಳನ್ನು ಸಭೆ ಹೇಗೆ ಶ್ರೇಣೀಕರಿಸುತ್ತದೆ ಎಂಬುದರ ಮೇಲೆ ಖಂಡನೆಯ ಸೋಲು-ಗೆಲುವು ನಿಂತಿತು. ಅನಾಂಗ್ ಪ್ರಸಂಗಕ್ಕೆ ಇದು ಹತ್ತಿರದ ಮಾದರಿ. ಆದರೆ ಇಲ್ಲಿ ಮೌಲ್ಯಗಳ ಶ್ರೇಣಿ ಮೊದಲೇ ನಿಗದಿಯಾಗಿರುತ್ತದೆ. ಅಲ್ಲಿ ಗಾದೆ ಆ ಶ್ರೇಣಿಯನ್ನೇ ಬದಲಿಸಿತು.

2019ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐಬಿಎಂ ಸಂಸ್ಥೆಯ 'ಪ್ರಾಜೆಕ್ಟ್ ಡಿಬೇಟರ್' ಯಂತ್ರವು ಹರೀಶ್ ನಟರಾಜನ್ ಎಂಬ ನುರಿತ ಚರ್ಚಾಪಟುವಿನೊಡನೆ ಶಾಲಾಪೂರ್ವ ಶಿಕ್ಷಣದ ಸಹಾಯಧನವನ್ನು ಕುರಿತು ವಾದಿಸಿತು. ಯಂತ್ರದ ಪಕ್ಷದಲ್ಲಿದ್ದ ಸಭಿಕರು ಚರ್ಚೆಗೆ ಮುನ್ನ ಶೇ. 79, ಚರ್ಚೆಯ ನಂತರ ಶೇ. 62. ಆದರೂ ತಮ್ಮ ತಿಳಿವಳಿಕೆಯನ್ನು ಹೆಚ್ಚಿಸಿದ್ದು ಯಂತ್ರವೇ ಎಂದವರು ಶೇ. 58, ನಟರಾಜನ್ ಎಂದವರು ಶೇ. 20. ತಾಳಮದ್ದಳೆಯ ಕೂಟಗಳನ್ನು ಬಲ್ಲವರಿಗೆ ಇದು ಅಚ್ಚರಿ ತರುವುದಿಲ್ಲ. ಹೆಚ್ಚು ವಿಷಯ ತಂದ ಅರ್ಥಧಾರಿಗೇ ಸಭೆ ಒಲಿಯುತ್ತದೆ ಎಂದೇನಿಲ್ಲ.

ಇಂದಿನ ಭಾಷಾ ಮಾದರಿಗಳು ಈ ಬಿಂದು, ಬಾಣಗಳ ದಾರಿಯನ್ನು ಬಹುಮಟ್ಟಿಗೆ ಬಿಟ್ಟಿವೆ. ಅಪಾರ ಬರಹವನ್ನು ಓದಿಸಿ, ಮುಂದೆ ಬರಬಹುದಾದ ಪದವನ್ನು ಊಹಿಸಲು ಅವನ್ನು ತರಬೇತುಗೊಳಿಸಲಾಗುತ್ತದೆ. ಹಂತಹಂತವಾಗಿ ಕಾರಣ ಬರೆಸಿದರೆ ಉತ್ತರ ಉತ್ತಮವಾಗುವುದೆಂಬುದನ್ನು 2022ರಲ್ಲಿ ತೋರಿಸಲಾಯಿತು. ಮರುವರ್ಷದ ಒಂದು ಅಧ್ಯಯನ ಅದರ ಇನ್ನೊಂದು ಮುಖವನ್ನು ಕಂಡಿತು. ಮಾದರಿ ಪ್ರಶ್ನೆಗಳಲ್ಲೆಲ್ಲ ಮೊದಲ ಆಯ್ಕೆಯೇ ಸರಿಯುತ್ತರವಾಗುವಂತೆ ಜೋಡಿಸಿದಾಗ, ಯಂತ್ರವು ಹೊಸ ಪ್ರಶ್ನೆಯಲ್ಲೂ ಅನೇಕ ವೇಳೆ ತಪ್ಪಾಗಿ ಅದರತ್ತಲೇ ವಾಲಿ, ಅದಕ್ಕೊಂದು ಸಲೀಸಾದ ಸಮರ್ಥನೆ ಬರೆಯಿತು. ತನ್ನನ್ನು ವಾಲಿಸಿದ ಜೋಡಣೆಯನ್ನು ಮಾತ್ರ ಹೇಳಲಿಲ್ಲ. ಕಾರಣ ಬೇರೆ, ಕೊಟ್ಟ ಕಾರಣ ಬೇರೆ. ಮನುಷ್ಯರಲ್ಲೂ ಇದು ಉಂಟು. ಆದರೆ ಕಟ್ಟೆಯಲ್ಲಿ ಕುಳಿತ ಹಿರಿಯರಿಗೆ ಮಾತಾಡುವವನ ಹಿನ್ನೆಲೆ ಗೊತ್ತಿರುತ್ತದೆ.

ಇಂಥ ಯಂತ್ರಕ್ಕೆ ಕನ್ನಡದ ಗಾದೆಗಳು ತಲುಪುವುದು ಬಹುಪಾಲು ಬರಹದ ಮೂಲಕವೇ. ನಮ್ಮ ಸಂಕಲನಗಳಲ್ಲಿ ಹೆಚ್ಚಿನವು ಅಕಾರಾದಿಯಾಗಿವೆ. ಗಾದೆ, ಕೆಲವೆಡೆ ಅರ್ಥ, ಅಷ್ಟೆ. ಯಾವ ತಕರಾರಿನ ನಡುವೆ, ಯಾರು ಯಾರಿಗೆ ಹೇಳಿದರು, ಎದುರಿನವರು ಏನೆಂದರು ಎಂಬ ದಾಖಲೆ ವಿರಳ. ಅನಾಂಗ್ ಆರೋಪಿಯ ಗಾದೆಯನ್ನು ಮೆಸೆಂಜರ್ ಅಂಥದೊಂದು ಪಟ್ಟಿಗೆ ಸೇರಿಸಿದ್ದರೆ, ಅದು ಕವುಜುಗ ಹಕ್ಕಿಯನ್ನು ಕುರಿತ ಒಂದು ಸಾಲಾಗಿ ಮಾತ್ರ ನಮಗೆ ದೊರೆಯುತ್ತಿತ್ತು.