ಮರಳಿ ಬರುತ್ತಿವೆ ಹಳೆಯ ಕೀ ವಾಚ್‌ಗಳು: ಬಂದಿರುವುದು ಬರೀ ಹೆಸರೋ, ಕಸುಬೂ ಬಂದಿದೆಯೋ?

ದಿನಾ ಬೆಳಿಗ್ಗೆ ಕೀ ಕೊಟ್ಟು ಕೈಗೆ ಕಟ್ಟಿಕೊಳ್ಳುವ ವಾಚ್‌ಗಳ ಕಾಲ ಮುಗಿಯಿತು ಎಂದುಕೊಂಡು ನಾಲ್ಕು ದಶಕಗಳೇ ಕಳೆದಿವೆ. ಆದರೆ ಆಗ ಬಾಗಿಲು ಮುಚ್ಚಿದ ಎಷ್ಟೋ ಬ್ರ್ಯಾಂಡ್‌ಗಳು ಈಗ ಒಂದೊಂದಾಗಿ ಅಂಗಡಿಗಳ ಗಾಜಿನ ಕಪಾಟಿಗೆ ಮರಳುತ್ತಿವೆ. ನಮ್ಮ ಅಜ್ಜಂದಿರ ಕೈಯಲ್ಲಿದ್ದ ಫಾವ್ರ್ ಲ್ಯೂಬಾ 2024ರಲ್ಲಿ ಮತ್ತೊಮ್ಮೆ ಮಾರುಕಟ್ಟೆಗೆ ಬಂತು. ಬೆಂಗಳೂರಿನ ಎಚ್‌ಎಂಟಿಯನ್ನೂ ಹೀಗೆಯೇ ಎಬ್ಬಿಸಬಹುದಲ್ಲವೇ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ.

ಹೆಸರನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಆ ಹೆಸರಿಗೆ ಬೆಲೆ ತಂದುಕೊಟ್ಟ ಕಸುಬನ್ನು ಕೊಳ್ಳಲು ಆಗುತ್ತದೆಯೇ? ಮರಳಿ ಬಂದ ಬ್ರ್ಯಾಂಡ್‌ಗಳ ಕಥೆ ನೋಡಿದರೆ ಉತ್ತರ ಒಂದೊಂದು ಕಡೆ ಒಂದೊಂದು ರೀತಿ ಇದೆ.

ಮುಚ್ಚಿದ್ದು ಏಕೆ?

1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ‘ಆಸ್ಟ್ರಾನ್’ ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಬ್ಯಾಟರಿಯ ವಿದ್ಯುತ್ತಿನಿಂದ ಕ್ವಾರ್ಟ್ಜ್ ಹರಳು ಕಂಪಿಸುತ್ತದೆ, ಆ ಕಂಪನವನ್ನು ಎಣಿಸಿ ಮುಳ್ಳು ತಿರುಗುತ್ತದೆ. ಇಂದಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಯಾಂತ್ರಿಕ ವಾಚಿನಲ್ಲಿ ಬ್ಯಾಟರಿ ಇಲ್ಲ. ಸುತ್ತಿಟ್ಟ ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಒಳ್ಳೆಯ ಯಾಂತ್ರಿಕ ವಾಚ್ ಕೂಡ ದಿನಕ್ಕೆ ಕೆಲವು ಸೆಕೆಂಡ್ ಹಿಂದೆ ಮುಂದೆ ಆಗುತ್ತದೆ. ಅಗ್ಗದ ಕ್ವಾರ್ಟ್ಜ್ ವಾಚ್ ಅಷ್ಟು ತಪ್ಪಲು ವಾರಗಳೇ ಬೇಕು.

ಕೆಲವೇ ವರ್ಷಗಳಲ್ಲಿ ಕ್ವಾರ್ಟ್ಜ್ ಬೆಲೆ ಇಳಿಯಿತು. 1970ರಲ್ಲಿ ಸುಮಾರು 90 ಸಾವಿರ ಜನರಿಗೆ ಕೆಲಸ ಕೊಟ್ಟಿದ್ದ ಸ್ವಿಸ್ ಗಡಿಯಾರ ಉದ್ಯಮದಲ್ಲಿ 80ರ ದಶಕದ ಮಧ್ಯದ ಹೊತ್ತಿಗೆ ಉಳಿದಿದ್ದು 30 ಸಾವಿರದ ಆಸುಪಾಸು. ನೂರಾರು ಕಂಪನಿಗಳು ಮುಚ್ಚಿದವು, ಇಲ್ಲವೇ ಬೇರೆಯವರಿಗೆ ಮಾರಾಟವಾದವು. ಅವುಗಳ ಹೆಸರುಗಳು ಮಾತ್ರ ಟ್ರೇಡ್‌ಮಾರ್ಕ್ ಕಡತಗಳಲ್ಲಿ ಉಳಿದುಕೊಂಡವು.

ಹಳೆಯ ಹೆಸರು ಹೊಸಬರಿಗೆ ಸಿಗುವುದು ಹೇಗೆ?

ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ಎಂದೂ ಮುಚ್ಚದ ಕಂಪನಿಯೊಂದು ತನ್ನದೇ ಹಳೆಯ ಮಾದರಿಯನ್ನು ಮತ್ತೆ ತಯಾರಿಸಿದರೆ ಅದು ಮರುಬಿಡುಗಡೆ. ಟೈಮೆಕ್ಸ್ 2017ರಲ್ಲಿ ಕೀ ಕೊಡುವ ‘ಮಾರ್ಲಿನ್’ ವಾಚನ್ನು ಮತ್ತೆ ತಂದಿದ್ದು ಈ ರೀತಿ. ನಿಂತೇಹೋಗಿದ್ದ ಬ್ರ್ಯಾಂಡನ್ನು ಮತ್ತೆ ಶುರು ಮಾಡಿದರೆ ಅದು ಮರುಹುಟ್ಟು. ಸಾಮಾನ್ಯವಾಗಿ ಇದನ್ನು ಮಾಡುವುದು ಹೊಸ ಮಾಲೀಕರು.

ಹೆಸರಿನ ಹಕ್ಕು ಯಾರ ಬಳಿ ಇದೆಯೋ ಅವರಿಂದ ಅದನ್ನು ಖರೀದಿಸುವುದು ಒಂದು ದಾರಿ. ಬಳಕೆಯಲ್ಲಿಲ್ಲದ ಹೆಸರನ್ನು ಹೊಸದಾಗಿ ನೋಂದಾಯಿಸಿಕೊಳ್ಳುವುದು ಇನ್ನೊಂದು. ಭಾರತವೂ ಸೇರಿದಂತೆ ಹಲವು ದೇಶಗಳ ಕಾನೂನಿನಲ್ಲಿ, ನೋಂದಾಯಿತ ಹೆಸರನ್ನು 5 ವರ್ಷಕ್ಕೂ ಹೆಚ್ಚು ಕಾಲ ಬಳಸದೇ ಬಿಟ್ಟರೆ ಅದನ್ನು ರದ್ದು ಮಾಡುವಂತೆ ಬೇರೆಯವರು ಅರ್ಜಿ ಹಾಕಬಹುದು. ಹಾಗಾಗಿ ಡಯಲ್ ಮೇಲೆ ಹಳೆಯ ಇಸವಿ ಇದ್ದ ಮಾತ್ರಕ್ಕೆ ಕಂಪನಿ ಅಂದಿನಿಂದ ಸತತವಾಗಿ ನಡೆದು ಬಂದಿದೆ ಎಂದು ತಿಳಿಯಬೇಕಾಗಿಲ್ಲ.

ಬ್ಲಾಂಕ್‌ಪಾನ್: 22 ಸಾವಿರದಿಂದ 6 ಕೋಟಿಗೆ

ಈ ವ್ಯಾಪಾರಕ್ಕೆ ದಾರಿ ತೋರಿಸಿದ್ದು ಬ್ಲಾಂಕ್‌ಪಾನ್. 1735ರ ಇತಿಹಾಸ ಹೇಳಿಕೊಳ್ಳುವ ಈ ಸ್ವಿಸ್ ಹೆಸರನ್ನು 1980ರ ದಶಕದ ಆರಂಭದಲ್ಲಿ ಜಾನ್-ಕ್ಲೋಡ್ ಬಿವೇರ್ ಮತ್ತು ಜಾಕ್ ಪಿಗೇ ಸುಮಾರು 22 ಸಾವಿರ ಸ್ವಿಸ್ ಫ್ರಾಂಕ್‌ಗೆ ಕೊಂಡರು. ‘ನಾವು ಎಂದೂ ಕ್ವಾರ್ಟ್ಜ್ ವಾಚ್ ಮಾಡಿಲ್ಲ, ಮಾಡುವುದೂ ಇಲ್ಲ’ ಎಂಬುದೇ ಅವರ ಪ್ರಚಾರದ ತಿರುಳು. ಎಲ್ಲರೂ ಬ್ಯಾಟರಿಯ ಹಿಂದೆ ಓಡುತ್ತಿದ್ದಾಗ ಇವರು ಯಾಂತ್ರಿಕ ವಾಚನ್ನು ಐಷಾರಾಮಿ ವಸ್ತುವಾಗಿ ಮಾರಿದರು. 1992ರಲ್ಲಿ ಇಂದಿನ ಸ್ವಾಚ್ ಸಮೂಹ ಅದನ್ನು ಕೊಂಡಾಗ ಕೊಟ್ಟ ಬೆಲೆ ಸುಮಾರು 6 ಕೋಟಿ ಫ್ರಾಂಕ್.

ಇಲ್ಲಿ ಬರೀ ಪ್ರಚಾರ ಕೆಲಸ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಪಿಗೇ ಅವರ ಕುಟುಂಬದ್ದೇ ಮೂವ್‌ಮೆಂಟ್ ಕಾರ್ಖಾನೆ ಇತ್ತು. ಮೂವ್‌ಮೆಂಟ್ ಎಂದರೆ ವಾಚಿನೊಳಗಿನ ಓಡುವ ಯಂತ್ರ. ಕೊಂಡ ಹೆಸರಿಗೆ ಕಸುಬು ಗೊತ್ತಿದ್ದವರ ಬೆಂಬಲ ಮೊದಲ ದಿನದಿಂದಲೇ ಸಿಕ್ಕಿತ್ತು.

ಲಾಂಗೆ: ಊರು ಉಳಿದಿತ್ತು

ಜರ್ಮನಿಯ ‘ಎ. ಲಾಂಗೆ ಅಂಡ್ ಜೋನೆ’ಯ ಕಥೆ ಬೇರೆ. ಫರ್ಡಿನಂಡ್ ಅಡಾಲ್ಫ್ ಲಾಂಗೆ 1845ರ ಡಿಸೆಂಬರ್ 7ರಂದು ಗ್ಲಾಸ್‌ಹ್ಯೂಟೆ ಎಂಬ ಸಣ್ಣ ಊರಿನಲ್ಲಿ ಈ ಸಂಸ್ಥೆ ಆರಂಭಿಸಿದರು. ಯುರೋಪಿನಲ್ಲಿ ಎರಡನೇ ಮಹಾಯುದ್ಧದ ಕೊನೆಯ ದಿನ, 1945ರ ಮೇ 8ರಂದು, ಬಾಂಬ್ ಬಿದ್ದು ಮುಖ್ಯ ಕಟ್ಟಡ ಹಾಳಾಯಿತು. 1948ರಲ್ಲಿ ಸೋವಿಯತ್ ಹಿಡಿತದಲ್ಲಿದ್ದ ಪೂರ್ವ ವಲಯದ ಆಡಳಿತ ಕಂಪನಿಯನ್ನು ವಶಪಡಿಸಿಕೊಂಡಿತು. ಸಂಸ್ಥಾಪಕರ ಮರಿಮಗ ವಾಲ್ಟರ್ ಲಾಂಗೆ ಪಶ್ಚಿಮಕ್ಕೆ ಹೋಗಬೇಕಾಯಿತು.

ಎರಡೂ ಜರ್ಮನಿಗಳು ಒಂದಾದ ಮೇಲೆ, 1990ರ ಡಿಸೆಂಬರ್ 7ರಂದು, ಅಂದರೆ ಸಂಸ್ಥೆಗೆ ಸರಿಯಾಗಿ 145 ವರ್ಷ ತುಂಬಿದ ದಿನ, ಅವರು ಅದೇ ಊರಿನಲ್ಲಿ ಕಂಪನಿಯನ್ನು ಮತ್ತೆ ನೋಂದಾಯಿಸಿದರು. ಸಂಸ್ಥೆಯನ್ನು ಕಟ್ಟುವಲ್ಲಿ ಉದ್ಯಮಿ ಗ್ಯುಂಟರ್ ಬ್ಲ್ಯೂಮ್‌ಲೈನ್ ಜೊತೆಗಿದ್ದರು. ಮೊದಲ ನಾಲ್ಕು ವಾಚ್‌ಗಳು ಹೊರಬಂದಿದ್ದು 1994ರ ಅಕ್ಟೋಬರ್ 24ರಂದು. ಆ ನಾಲ್ಕು ವರ್ಷ ಹೋಗಿದ್ದು ವಿನ್ಯಾಸಕ್ಕೆ, ತರಬೇತಿಗೆ, ಯಂತ್ರ ಕೂಡಿಸುವುದಕ್ಕೆ. ಲಾಂಗೆ ಹೆಸರು ಇಲ್ಲದಿದ್ದಾಗಲೂ ಗ್ಲಾಸ್‌ಹ್ಯೂಟೆಯಲ್ಲಿ ಸರ್ಕಾರಿ ಕಾರ್ಖಾನೆ ನಡೆಯುತ್ತಿತ್ತು. ಗಡಿಯಾರದ ಕೆಲಸ ಬಲ್ಲ ಜನ ಆ ಊರಿನಲ್ಲೇ ಇದ್ದರು. ಇಂದು ಲಾಂಗೆ ಜಗತ್ತಿನ ಅತ್ಯಂತ ದುಬಾರಿ ವಾಚ್‌ಗಳ ಸಾಲಿನಲ್ಲಿದೆ.

ಫಾವ್ರ್ ಲ್ಯೂಬಾ: ಮುಂಬೈನ ಹಳೆಯ ಪರಿಚಯ

ನಮ್ಮವರ ಬಾಯಲ್ಲಿ ‘ಫೇವರ್ ಲೂಬಾ’ ಆಗಿರುವ ಈ ಬ್ರ್ಯಾಂಡ್ ತನ್ನ ಮೂಲವನ್ನು 1737ಕ್ಕೆ ಒಯ್ಯುತ್ತದೆ. 19ನೇ ಶತಮಾನದಲ್ಲೇ ಭಾರತಕ್ಕೆ ಬಂದು ಬಾಂಬೆಯನ್ನು ನೆಲೆ ಮಾಡಿಕೊಂಡಿತ್ತು. ‘ಸೀ ಚೀಫ್’, ‘ಸೀ ಕಿಂಗ್’ ವಾಚ್‌ಗಳು ಇಲ್ಲಿ ಮನೆಮಾತಾಗಿದ್ದವು. 1962ರ ‘ಬಿವೋಕ್’ ವಾಚ್ ಎಷ್ಟು ಎತ್ತರದಲ್ಲಿದ್ದೇವೆ ಎಂದು ತೋರಿಸುತ್ತಿತ್ತು, 1968ರ ‘ಬ್ಯಾಥಿ’ ನೀರಿನಾಳ ಅಳೆಯುತ್ತಿತ್ತು. ಎರಡಕ್ಕೂ ಬ್ಯಾಟರಿ ಇರಲಿಲ್ಲ.

ಕ್ವಾರ್ಟ್ಜ್ ಹೊಡೆತಕ್ಕೆ 1980ರ ದಶಕದಲ್ಲಿ ಸ್ಥಾಪಕ ಕುಟುಂಬ ಕಂಪನಿಯನ್ನು ಕೈಬಿಟ್ಟಿತು. ಹಲವು ಕೈ ಬದಲಾದ ಮೇಲೆ 2011ರಲ್ಲಿ ಅದನ್ನು ಕೊಂಡಿದ್ದು ಟೈಟನ್. ಭಾರತದಲ್ಲಿ ಕ್ವಾರ್ಟ್ಜ್ ವಾಚನ್ನೇ ಬಲವಾಗಿ ಬೆಳೆಸಿದ ಕಂಪನಿ ಹಳೆಯ ಯಾಂತ್ರಿಕ ಹೆಸರೊಂದನ್ನು ಕೊಂಡಿತ್ತು. 2016ರಲ್ಲಿ ಹೊಸ ವಾಚ್‌ಗಳು ಬಂದರೂ ಆ ಪ್ರಯತ್ನ ನೆಲೆ ನಿಲ್ಲಲಿಲ್ಲ. ನಂತರ ಬ್ರ್ಯಾಂಡ್, ವಾಚ್ ಮಾರಾಟ ಸಂಸ್ಥೆ ಎಥೋಸ್‌ನ ಸ್ವಿಸ್ ಅಂಗಸಂಸ್ಥೆಗೆ ಸೇರಿತು. 2024ರಲ್ಲಿ ಜಿನೀವಾದಲ್ಲಿ ಮತ್ತೆ ಬಿಡುಗಡೆಯಾಯಿತು. ವಾಚ್ ತಯಾರಾಗುವುದು ಸ್ವಿಟ್ಜರ್ಲೆಂಡಿನಲ್ಲಿ, ಮಾಲೀಕತ್ವ ಭಾರತದ್ದು. ಹಣವಿದ್ದ ಮಾತ್ರಕ್ಕೆ ಮೊದಲ ಸಲವೇ ಮರುಹುಟ್ಟು ಯಶಸ್ವಿಯಾಗುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ.

ಎಚ್‌ಎಂಟಿ: ಹೆಸರಿದೆ, ಕಾರ್ಖಾನೆ ಇಲ್ಲ

1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ತಯಾರಿಕೆ ಶುರುವಾಯಿತು. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ್ ಹೆಸರು ಕೇಳಿದರೆ ಸಾಕು, ಎಷ್ಟೋ ಮನೆಗಳಲ್ಲಿ ಮದುವೆಯ ಉಡುಗೊರೆ ಅಥವಾ ಮೊದಲ ಸಂಬಳದ ನೆನಪು ಬರುತ್ತದೆ. ತುಮಕೂರು, ಶ್ರೀನಗರ, ಉತ್ತರಾಖಂಡದ ರಾಣಿಬಾಗ್‌ನಲ್ಲೂ ಘಟಕಗಳಿದ್ದವು. ಸ್ಪರ್ಧೆ, ನಷ್ಟಗಳ ನಂತರ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. 2024ರಲ್ಲಿ ಕೇಂದ್ರ ಭಾರೀ ಕೈಗಾರಿಕೆ ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಎಚ್‌ಎಂಟಿ ಪುನಶ್ಚೇತನದ ಮಾತನಾಡಿದ್ದಾರೆ.

ಎಚ್‌ಎಂಟಿ ಹೆಸರನ್ನು ಯಾರೂ ಹೊಸದಾಗಿ ಕೊಳ್ಳಬೇಕಿಲ್ಲ. ಅದು ಮಾತೃಸಂಸ್ಥೆಯ ಬಳಿಯೇ ಇದೆ, ಆ ಹೆಸರಿನಲ್ಲಿ ವಾಚ್‌ಗಳೂ ಮಾರಾಟವಾಗುತ್ತಿವೆ. ಇಲ್ಲದಿರುವುದು ಮೂವ್‌ಮೆಂಟನ್ನು ಇಲ್ಲೇ ತಯಾರಿಸುತ್ತಿದ್ದ ಆ ದೊಡ್ಡ ವ್ಯವಸ್ಥೆ. ಜನತಾ ವಾಚಿನ ಬೆನ್ನು ಬಿಚ್ಚಿದರೆ ಕಾಣುವ 17 ಜ್ಯುವೆಲ್‌ನ ಯಂತ್ರ ಹೊರಗಿನಿಂದ ತಂದು ಕೂರಿಸಿದ್ದಲ್ಲ, ಇಲ್ಲಿನ ಕಾರ್ಮಿಕರು ಮಾಡಿದ್ದು. ಲಾಂಗೆಯವರಿಗೆ ಮರಳಿ ಬಂದಾಗ ಕಸುಬು ಬಲ್ಲ ಊರು ಸಿಕ್ಕಿತು. ನಮ್ಮಲ್ಲಿ ಆ ಕೆಲಸ ಕಲಿತವರು ನಿವೃತ್ತರಾಗಿದ್ದಾರೆ. ಅವರಿಂದ ಕಲಿಯುವವರು ಇಲ್ಲದಿದ್ದರೆ ಪುನಶ್ಚೇತನ ಡಯಲ್‌ಗಷ್ಟೇ ಸೀಮಿತವಾದೀತು.

ಒಳಗಿರುವ ಯಂತ್ರ ಯಾರದು?

ಇಂದು ಮರಳಿ ಬಂದ ಬಹುತೇಕ ಬ್ರ್ಯಾಂಡ್‌ಗಳು ಮೂವ್‌ಮೆಂಟನ್ನು ಹೊರಗಿನಿಂದ ತರಿಸುತ್ತವೆ. ಸ್ವಿಟ್ಜರ್ಲೆಂಡಿನ ಸೆಲಿಟಾ, ಜಪಾನಿನ ಮಿಯೋಟಾ, ಸೈಕೋ ಇವುಗಳ ಮುಖ್ಯ ಪೂರೈಕೆದಾರರು. ಇದು ಮೋಸವಲ್ಲ. ಹಿಂದೆಯೂ ಎಷ್ಟೋ ಸ್ವಿಸ್ ಕಂಪನಿಗಳು ಹೀಗೆಯೇ ಮಾಡುತ್ತಿದ್ದವು. ಇಂಥ ಯಂತ್ರಗಳಿಗೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ ಎಂಬ ಅನುಕೂಲವೂ ಇದೆ. ಆದರೆ ಬರೀ ‘ಪರಂಪರೆ’ಗೆಂದು ದುಬಾರಿ ಬೆಲೆ ಕೇಳಿದಾಗ ಒಳಗೇನಿದೆ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ.

‘ಸ್ವಿಸ್ ಮೇಡ್’ ಮುದ್ರೆಗೂ ನಿಯಮವಿದೆ. 2017ರಿಂದ, ತಯಾರಿಕಾ ವೆಚ್ಚದ ಕನಿಷ್ಠ ಶೇ 60ರಷ್ಟು ಸ್ವಿಟ್ಜರ್ಲೆಂಡಿನಲ್ಲೇ ಆಗಿರಬೇಕು. ಉಳಿದ ಭಾಗ ಬೇರೆ ದೇಶದ್ದಾಗಿರಬಹುದು.

ಕೊಳ್ಳುವ ಮುನ್ನ ಗಮನಿಸಿ

* ಬ್ರ್ಯಾಂಡ್ ನಡುವೆ ಎಷ್ಟು ವರ್ಷ ನಿಂತಿತ್ತು, ಈಗಿನ ಮಾಲೀಕರು ಯಾರು ಎಂದು ತಿಳಿದುಕೊಳ್ಳಿ.
* ಮೂವ್‌ಮೆಂಟಿನ ಹೆಸರು ಮತ್ತು ಸಂಖ್ಯೆ ಕೇಳಿ. ಅದೇ ಯಂತ್ರವಿರುವ ಬೇರೆ ವಾಚ್‌ಗಳ ಬೆಲೆ ಹೋಲಿಸಿ.
* ನಿಮ್ಮ ಊರಿನಲ್ಲಿ ಸರ್ವಿಸ್ ಸೌಲಭ್ಯ ಇದೆಯೇ ನೋಡಿ. ಯಾಂತ್ರಿಕ ವಾಚನ್ನು ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು.
* ಆನ್‌ಲೈನ್‌ನಲ್ಲಿ ಹಳೆಯ ಎಚ್‌ಎಂಟಿ, ಫಾವ್ರ್ ಲ್ಯೂಬಾ ಅಗ್ಗಕ್ಕೆ ಕಂಡರೆ ಎಚ್ಚರ. ಕಂಪನಿ ಎಂದೂ ಮಾಡದ ಬಣ್ಣದ ಡಯಲ್, ಹೊಸದಾಗಿ ಅಚ್ಚು ಹಾಕಿದ ಅಕ್ಷರ, ಬೇರೆ ಬೇರೆ ವಾಚ್‌ಗಳ ಭಾಗ ಜೋಡಿಸಿದ ಮಾಲು ಬಹಳ ಇದೆ. ಸಂಗ್ರಾಹಕರು ಇದನ್ನು ‘ಮುಂಬೈ ಸ್ಪೆಷಲ್’ ಎಂದು ಕರೆಯುತ್ತಾರೆ.
* ಮನೆಯ ಬೀರುವಿನಲ್ಲಿ ಹಳೆಯ ವಾಚ್ ಇದ್ದರೆ ಮೊದಲು ಅದನ್ನು ಬಲ್ಲವರಿಗೆ ತೋರಿಸಿ. ಡಯಲ್‌ಗೆ ಬಣ್ಣ ಹೊಡೆಸಬೇಡಿ, ಹಳೆಯ ಭಾಗಗಳನ್ನು ಎಸೆಯಬೇಡಿ. ಒಣಗಿದ ಎಣ್ಣೆ ತೆಗೆದರೆ ಎಷ್ಟೋ ವಾಚ್‌ಗಳು ಮತ್ತೆ ಓಡುತ್ತವೆ.

ಒಂದು ಹೆಸರನ್ನು ಎಬ್ಬಿಸಲು ಕೋಟಿಗಟ್ಟಲೆ ಬೇಕು. ಅಪ್ಪನ ವಾಚನ್ನು ಎಬ್ಬಿಸಲು ಬೇಕಿರುವುದು ಕೆಲಸ ಬಲ್ಲ ಒಬ್ಬ ರಿಪೇರಿಗಾರ. ಹಾಗೆ ಕೂತು ಕೆಲಸ ಮಾಡುವವರು ಪ್ರತಿ ನಗರದಲ್ಲೂ ಕಡಿಮೆಯಾಗುತ್ತಿದ್ದಾರೆ. ಬ್ರ್ಯಾಂಡ್‌ಗಳ ಮರುಹುಟ್ಟಿನ ಸಂಭ್ರಮದಲ್ಲಿ ಮೊದಲು ಉಳಿಸಿಕೊಳ್ಳಬೇಕಾಗಿರುವುದು ಅವರನ್ನು.